‘ಅದಕ್ಕೆ ಹೆಡ್ ಇಲ್ಲರೀ’ ಎಂದರೆ ಮುಂದೇನು? ಕಲಾವಿದರ ಪ್ರಶ್ನೆಗಳಿಗೆ ಉತ್ತರ

ಕಳೆದ ಎರಡು ತಿಂಗಳಲ್ಲಿ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಊರಿನ ಪಾಲಿಕೆ, ನಗರಸಭೆ ಅಥವಾ ಪುರಸಭೆಯಿಂದ ಕಲಾತಂಡಗಳಿಗೆ ಹಣಕಾಸಿನ ನೆರವು ಸಿಗುವುದೇ, ಸಿಗುವುದಾದರೆ ಅರ್ಜಿ ಹೇಗೆ ಹಾಕಬೇಕು ಎಂಬುದು ಎಲ್ಲರ ಪ್ರಶ್ನೆ. ಐದು ಪತ್ರಗಳನ್ನು ಆಯ್ದು, ಬರೆದವರ ಹೆಸರು ಮತ್ತು ಊರನ್ನು ಬಿಟ್ಟು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ನೋಂದಾಯಿತ ಹವ್ಯಾಸಿ ನಾಟಕ ತಂಡ. ಕಳೆದ ಆಗಸ್ಟ್‌ನಲ್ಲಿ ನಾಟಕ ಪ್ರದರ್ಶನಕ್ಕೆ ಸಹಾಯಧನ ಕೋರಿ ನಮ್ಮೂರಿನ ನಗರಸಭೆಗೆ ಅರ್ಜಿ ಕೊಟ್ಟೆವು. ಮೂರು ಸಲ ಅಲೆದಾಡಿದ ಮೇಲೆ ಗುಮಾಸ್ತರು, “ನಮ್ಮಲ್ಲಿ ಅದಕ್ಕ ಹೆಡ್ ಇಲ್ರೀ, ಕನ್ನಡ ಸಂಸ್ಕೃತಿ ಇಲಾಖೆಗೆ ಹೋಗ್ರಿ” ಎಂದು ಸಾಗಹಾಕಿದರು. ಇದು ನಿಜವೇ, ನೆಪವೇ? (ಬೆಳಗಾವಿ ಜಿಲ್ಲೆಯಿಂದ ತಂಡವೊಂದರ ಕಾರ್ಯದರ್ಶಿ)

ಉತ್ತರ: ಬಹುಮಟ್ಟಿಗೆ ನಿಜ. ಆದರೆ ಆ ಮಾತು ಕೇಳಿ ಹಿಂದಿರುಗಬೇಕಾಗಿಲ್ಲ. ಸಂವಿಧಾನದ 74ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೆಯ ಅನುಸೂಚಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡುತ್ತದೆ. ಅದರ 13ನೆಯ ವಿಷಯವೇ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಾತ್ಮಕ ಅಂಶಗಳ ಉತ್ತೇಜನ. ಆದ್ದರಿಂದ ನಾಟಕಕ್ಕೂ ನಗರಸಭೆಗೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆದರೆ ಕುಡಿಯುವ ನೀರು, ಚರಂಡಿ, ಬೀದಿದೀಪಗಳು ಸ್ಥಳೀಯ ಸಂಸ್ಥೆಯ ಕಡ್ಡಾಯ ಕರ್ತವ್ಯಗಳಾದರೆ, ಕಲೆ ಮತ್ತು ಮನರಂಜನೆಗೆ ಸಂಬಂಧಿಸಿದವು ಬಹುತೇಕ ವಿವೇಚನೆಯ ಕರ್ತವ್ಯಗಳು, ಅಂದರೆ ಸಭೆ ಮನಸ್ಸು ಮಾಡಿದರೆ, ಆಯವ್ಯಯದಲ್ಲಿ ಹಣ ಇಟ್ಟರೆ ಮಾತ್ರ ಮಾಡಬಹುದಾದ ಕೆಲಸಗಳು.

ಇಲ್ಲಿಯೇ ‘ಹೆಡ್’ ಎಂಬ ಮಾತು ಬರುವುದು. ಸ್ಥಳೀಯ ಸಂಸ್ಥೆಯೊಂದು ಒಂದು ರೂಪಾಯಿ ಖರ್ಚು ಮಾಡಬೇಕಾದರೂ ಅದಕ್ಕೆ ಆಯವ್ಯಯದಲ್ಲಿ ಒಂದು ಲೆಕ್ಕಶೀರ್ಷಿಕೆ ಇರಬೇಕು, ಆ ಶೀರ್ಷಿಕೆಯಲ್ಲಿ ಹಣ ಉಳಿದಿರಬೇಕು. ನಾನು ಹಲವು ವರ್ಷ ಸ್ಥಳೀಯ ಸಂಸ್ಥೆಯೊಂದರ ಲೆಕ್ಕಶಾಖೆಯಲ್ಲಿ ಕೆಲಸ ಮಾಡಿದವನಾದ್ದರಿಂದ ಹೇಳುತ್ತೇನೆ: ಆಗಸ್ಟ್‌ನಲ್ಲಿ ಬಂದ ಸಹಾಯಧನದ ಅರ್ಜಿಯನ್ನು ನೋಡಿದ ವಿಷಯ ನಿರ್ವಾಹಕರು, ಅಂದರೆ ಆ ಕಡತ ನೋಡಿಕೊಳ್ಳುವ ಗುಮಾಸ್ತರು, ಮೊದಲು ತೆಗೆಯುವುದು ನಿಮ್ಮ ತಂಡದ ಸಾಧನೆಯ ಪುಟವನ್ನಲ್ಲ, ಆಯವ್ಯಯದ ಪುಸ್ತಕವನ್ನು. ಅದರಲ್ಲಿ ಸಾಲು ಇಲ್ಲದಿದ್ದರೆ ನಿಮ್ಮ ಅರ್ಜಿ ಎಷ್ಟೇ ಯೋಗ್ಯವಾಗಿದ್ದರೂ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಮುಂದಿನ ಏಪ್ರಿಲ್ 1ರಿಂದ ಖರ್ಚಾಗಬೇಕಾದ ಹಣಕ್ಕೆ ಹಿಂದಿನ ಡಿಸೆಂಬರ್, ಜನವರಿಯಲ್ಲಿಯೇ ಬೇಡಿಕೆ ಇಡಬೇಕು. ಆ ತಿಂಗಳುಗಳಲ್ಲಿ ಸ್ಥಳೀಯ ಸಂಸ್ಥೆಗಳು ಆಯವ್ಯಯ ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಮತ್ತು ಸಂಘ-ಸಂಸ್ಥೆಗಳ ಸಲಹೆ ಕೇಳುತ್ತವೆ. ಪ್ರಕಟಣೆ ಪತ್ರಿಕೆಯಲ್ಲಿ ಮೂಲೆಯಲ್ಲಿ ಬರುತ್ತದೆ, ಸಭೆಗೆ ಬರುವವರೂ ಬೆರಳೆಣಿಕೆಯಷ್ಟು. ಬಂದವರು ರಸ್ತೆ, ಗಟಾರದ ಮಾತನ್ನೇ ಆಡುತ್ತಾರೆ. ಅಂಥ ಸಭೆಯಲ್ಲಿ ಊರಿನ ನಾಲ್ಕು ಕಲಾತಂಡಗಳು ಒಟ್ಟಾಗಿ ಎದ್ದು ನಿಂತು, “ಸ್ಥಳೀಯ ಕಲಾಪ್ರದರ್ಶನಗಳಿಗೆ ನೆರವು ಎಂಬ ಲೆಕ್ಕಶೀರ್ಷಿಕೆಯನ್ನು ಸೇರಿಸಿ, ಇಷ್ಟು ಮೊತ್ತ ಇಡಿ” ಎಂದು ಲಿಖಿತವಾಗಿ ಕೇಳಿದರೆ ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ಒಂದು ತಂಡ ತನಗೆ ಹಣ ಕೊಡಿ ಎನ್ನುವುದಕ್ಕೂ ನಾಲ್ಕು ತಂಡಗಳು ಶೀರ್ಷಿಕೆ ತೆರೆಯಿರಿ ಎನ್ನುವುದಕ್ಕೂ ಬಹಳ ಅಂತರವಿದೆ.

ಇನ್ನು ಅರ್ಜಿಯ ಒಕ್ಕಣೆ. ನೀವು ಕಳುಹಿಸಿದ ನಕಲನ್ನು ಓದಿದೆ. “ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ತಂಡವು ಅನೇಕ ವರ್ಷಗಳಿಂದ ಕಲಾಸೇವೆ ಮಾಡುತ್ತ ಬಂದಿದ್ದು, ಆರ್ಥಿಕ ತೊಂದರೆ ಇರುವುದರಿಂದ ದಯಮಾಡಿ ಸಹಾಯಧನ ಮಂಜೂರು ಮಾಡಬೇಕು” ಎಂಬಲ್ಲಿಗೆ ಅದು ಮುಗಿದಿದೆ. ಇದರಲ್ಲಿ ಅಧಿಕಾರಿ ಮಂಜೂರು ಮಾಡಬಹುದಾದದ್ದು ಏನೂ ಇಲ್ಲ. ನಿಮ್ಮ ತೊಂದರೆಯನ್ನು ಲೆಕ್ಕಪುಸ್ತಕದಲ್ಲಿ ಖರ್ಚು ಎಂದು ಬರೆಯಲು ಬರುವುದಿಲ್ಲ. ಊರಿಗೆ ಆಗುವ ಕೆಲಸವನ್ನು ಬರೆಯಲು ಬರುತ್ತದೆ. ಅದೇ ವಾಕ್ಯವನ್ನು ಹೀಗೆ ಬರೆಯಿರಿ: “ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವದ ಅಂಗವಾಗಿ ನಗರಸಭೆಯ ವ್ಯಾಪ್ತಿಯ ಮೂರು ವಾರ್ಡುಗಳ ಬಯಲು ಜಾಗದಲ್ಲಿ, ಪ್ರವೇಶ ಶುಲ್ಕವಿಲ್ಲದೆ, ತಲಾ ಎರಡು ಗಂಟೆಯ ಮೂರು ನಾಟಕ ಪ್ರದರ್ಶನಗಳನ್ನು ನಡೆಸಲು ತಂಡವು ಸಿದ್ಧವಿದ್ದು, ಇದರ ಅಂದಾಜುಪಟ್ಟಿಯನ್ನು ಲಗತ್ತಿಸಿದೆ.” ಎಲ್ಲಿ, ಯಾವಾಗ, ಎಷ್ಟು ಜನರಿಗೆ, ಎಷ್ಟರಲ್ಲಿ ಎಂಬ ನಾಲ್ಕಕ್ಕೂ ಉತ್ತರ ಸಿಕ್ಕರೆ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಾನಾಗಿ ಚಲಿಸುತ್ತದೆ.

ಅಂದಾಜುಪಟ್ಟಿಯ ವಿಷಯದಲ್ಲಿ ನಮ್ಮ ಭಾಗದ ತಂಡಗಳು ಎರಡು ತಪ್ಪು ಮಾಡುತ್ತವೆ. ಮೊದಲನೆಯದು ‘ಇತರೆ ಖರ್ಚು’ ಎಂದು ಒಂದು ದೊಡ್ಡ ಮೊತ್ತವನ್ನು ಕೊನೆಗೆ ಬರೆಯುವುದು, ಲೆಕ್ಕ ಪರಿಶೋಧಕರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಎರಡನೆಯದು ಸಂಕೋಚದಿಂದ ಕಲಾವಿದರ ಗೌರವಧನವನ್ನೇ ಬಿಟ್ಟುಬಿಡುವುದು. ಮಾದರಿಗೆಂದು ಒಂದು ಪ್ರದರ್ಶನದ ಲೆಕ್ಕ ಹಾಕೋಣ: ಧ್ವನಿ ಮತ್ತು ಬೆಳಕಿಗೆ 14,000 ರೂಪಾಯಿ, ರಂಗಸಜ್ಜಿಕೆಗೆ 9,000, ವೇಷಭೂಷಣ ಮತ್ತು ಬಣ್ಣಕ್ಕೆ 7,500, ವಾದ್ಯದವರಿಗೆ 6,000, ತಾಲೀಮಿನ ದಿನಗಳ ಚಹಾ-ಉಪಾಹಾರಕ್ಕೆ 4,500, ಸಾಗಾಟಕ್ಕೆ 3,000, ಹನ್ನೆರಡು ಕಲಾವಿದರಿಗೆ ತಲಾ 1,500ರಂತೆ 18,000, ಒಟ್ಟು 62,000. ಇದರಲ್ಲಿ 12,000ವನ್ನು ತಂಡ ತಾನೇ ಭರಿಸುವುದಾಗಿ ಹೇಳಿ 50,000 ಕೇಳಿದರೆ, ಕೇಳಿದ ಮೊತ್ತಕ್ಕೆ ಆಧಾರವೂ ಇರುತ್ತದೆ, ತಂಡದ ಪಾಲೂ ಕಾಣುತ್ತದೆ. ಗೌರವಧನವನ್ನು ಈ ವರ್ಷ ಬಿಟ್ಟರೆ, ಮುಂದಿನ ವರ್ಷ “ಹಿಂದಿನ ಸಲ ಇರಲಿಲ್ಲವಲ್ಲ” ಎಂಬ ಷರಾ ಬೀಳುತ್ತದೆ. ನಿಮ್ಮದನ್ನು ಬರೆಯುವಾಗ ನಿಮ್ಮೂರಿನ ದರವನ್ನೇ ಹಾಕಿ, ಧ್ವನಿವರ್ಧಕದವರಿಂದ ಒಂದು ದರಪಟ್ಟಿ ಬರೆಸಿ ಜೊತೆಗಿಡಿ.

ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕೆಂಬುದೂ ಮುಖ್ಯ. ಮಹಾನಗರ ಪಾಲಿಕೆಯಾದರೆ ಆಯುಕ್ತರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ. ವಾರ್ಡಿನ ಸದಸ್ಯರಿಗೆ ಪ್ರತಿ ಕೊಡಿ, ಸಭೆಯಲ್ಲಿ ವಿಷಯ ಎತ್ತುವವರು ಅವರೇ. ಆದರೆ ಸದಸ್ಯರ ಮನೆಯಲ್ಲಿ ಕೊಟ್ಟ ಅರ್ಜಿ ಅರ್ಜಿಯಲ್ಲ, ಟಪಾಲು ಶಾಖೆಯಲ್ಲಿ ಆವಕ ಸಂಖ್ಯೆ ಮತ್ತು ದಿನಾಂಕದ ಮುದ್ರೆ ಬಿದ್ದ ಪ್ರತಿ ನಿಮ್ಮ ಕೈಯಲ್ಲಿರಬೇಕು. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿಗಳಿದ್ದಾಗ ಮಂಜೂರಾತಿ ಅವರಿಂದಲೇ ಆಗಬೇಕು. ಚುನಾವಣಾ ನೀತಿಸಂಹಿತೆ ಜಾರಿಯಾದರೆ ಹೊಸ ಮಂಜೂರಾತಿಗಳು ನಿಲ್ಲುತ್ತವೆ, ಅದನ್ನೂ ಲೆಕ್ಕದಲ್ಲಿಟ್ಟು ತಿಂಗಳು ಆರಿಸಿ.

ಹಣವನ್ನೇ ಕೇಳಬೇಕೆಂದೂ ಇಲ್ಲ. ಸ್ಥಳೀಯ ಸಂಸ್ಥೆಯ ಸಮುದಾಯ ಭವನದ ಬಾಡಿಗೆ ಮನ್ನಾ, ಮೈದಾನದ ಬಳಕೆ, ನೀರಿನ ಟ್ಯಾಂಕರ್, ಪ್ರದರ್ಶನದ ಮರುದಿನದ ಸ್ವಚ್ಛತೆ, ಇವು ಹೊಸ ಲೆಕ್ಕಶೀರ್ಷಿಕೆ ಇಲ್ಲದೆಯೇ ದೊರೆಯಬಹುದಾದ ನೆರವು. ಆದರೆ ರಂಗಮಂದಿರ ಊರಿನಲ್ಲಿದ್ದ ಮಾತ್ರಕ್ಕೆ ಅದು ಪಾಲಿಕೆಯದಾಗಿರುವುದಿಲ್ಲ. ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರವಾಗಲಿ, ವಿಜಯಪುರದ ಕಂದಗಲ್ ಶ್ರೀ ಹನುಮಂತರಾಯ ರಂಗಮಂದಿರವಾಗಲಿ, ಬಾಡಿಗೆ ರಿಯಾಯಿತಿ ಕೇಳುವ ಮೊದಲು ಅದು ಯಾವ ಕಚೇರಿಯ ಸುಪರ್ದಿಯಲ್ಲಿದೆ ಎಂದು ವಿಚಾರಿಸಿ ಅಲ್ಲಿಗೇ ಬರೆಯಿರಿ.

ಪ್ರಶ್ನೆ: ನಮ್ಮದು ಶ್ರೀಕೃಷ್ಣ ಪಾರಿಜಾತದ ಮೇಳ. ಒಂಬತ್ತು ಜನ ಇದ್ದೇವೆ. ಜಾತ್ರೆ, ಉರುಸು ಎನ್ನದೆ ಮೂವತ್ತು ವರ್ಷಗಳಿಂದ ಆಡುತ್ತಿದ್ದೇವೆ. ಈಗ ಎಲ್ಲಿ ಹೋದರೂ ‘ನೋಂದಣಿ ಪತ್ರ ತನ್ನಿ’ ಎನ್ನುತ್ತಾರೆ. ನಮಗೆ ಇದು ಬೇಕೇ? (ಬಾಗಲಕೋಟೆ ಜಿಲ್ಲೆಯಿಂದ ಮೇಳದ ಹಿರಿಯರೊಬ್ಬರು)

ಉತ್ತರ: ಪಾರಿಜಾತವನ್ನು ಜನಪ್ರಿಯಗೊಳಿಸಿದ ಕುಲಗೋಡ ತಮ್ಮಣ್ಣನ ಕಾಲದಿಂದ ನೋಂದಣಿ ಸಂಖ್ಯೆಯಿಲ್ಲದೆಯೇ ಊರೂರು ಸುತ್ತಿದ ಕಲೆಗೆ ಈಗ ಸಂಖ್ಯೆ ಕೇಳುತ್ತಿರುವುದು ನಿಮಗೆ ವಿಚಿತ್ರವಾಗಿ ತೋರಿದರೆ ತಪ್ಪಿಲ್ಲ. ಆದರೆ ಸರ್ಕಾರದ ಹಣ ಒಂಬತ್ತು ಜನರ ಗುಂಪಿಗೆ ಹೋಗಬೇಕಾದರೆ ಆ ಗುಂಪಿಗೆ ಒಂದು ಹೆಸರು, ಒಂದು ಬ್ಯಾಂಕ್ ಖಾತೆ, ಲೆಕ್ಕ ಕೇಳಿದರೆ ಉತ್ತರಿಸುವ ಒಬ್ಬರು ಇರಬೇಕಾಗುತ್ತದೆ. ಆದ್ದರಿಂದ ಬೇಕು.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿ ಸಂಘ ನೋಂದಾಯಿಸಬಹುದು, ನೀವು ಒಂಬತ್ತು ಜನ ಇರುವುದರಿಂದ ಹೊರಗಿನವರ ಹೆಸರು ಸೇರಿಸುವ ಅಗತ್ಯವಿಲ್ಲ. ಹೊರಗಿನ ‘ಪ್ರಭಾವಿ’ಗಳನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡ ಎಷ್ಟೋ ಮೇಳಗಳಲ್ಲಿ ಭಾಗವತರು ಒಂದು ಕಡೆ, ಖಾತೆಯ ಚೆಕ್‌ಪುಸ್ತಕ ಇನ್ನೊಂದು ಕಡೆ ಆಗಿರುವುದನ್ನು ನೋಡಿದ್ದೇನೆ. ನೋಂದಣಿ ನಡೆಯುವುದು ಸಹಕಾರ ಇಲಾಖೆಯ ಜಿಲ್ಲಾ ಮಟ್ಟದ ಕಚೇರಿಯಲ್ಲಿ, ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಮುಂದೆ. ಉಪವಿಧಿಗಳನ್ನು ಬರೆಸುವಾಗ ಉದ್ದೇಶದ ಕಲಮನ್ನು ನೀವೇ ಕುಳಿತು ಬರೆಸಿ. ‘ಪಾರಿಜಾತ ಪ್ರದರ್ಶನ’ ಎಂದಷ್ಟೇ ಬರೆದರೆ ನಾಳೆ ಸಣ್ಣಾಟ, ದೊಡ್ಡಾಟ, ಮಕ್ಕಳ ತರಬೇತಿ ಶಿಬಿರಕ್ಕೆ ಅರ್ಜಿ ಹಾಕುವಾಗ ಆಕ್ಷೇಪ ಬರಬಹುದು. ಬಯಲಾಟ ಮತ್ತು ಜನಪದ ರಂಗಕಲೆಗಳ ಪ್ರದರ್ಶನ, ತರಬೇತಿ, ದಾಖಲೀಕರಣ ಎಂದು ವಿಶಾಲವಾಗಿ ಇರಲಿ. ನಂತರ ಸಂಘದ ಹೆಸರಿನಲ್ಲಿ ಪ್ಯಾನ್ ಕಾರ್ಡ್ ಮಾಡಿಸಿ, ಇಬ್ಬರ ಜಂಟಿ ಸಹಿಯ ಖಾತೆ ತೆರೆಯಿರಿ.

ನೋಂದಣಿಗಿಂತ ಕಷ್ಟವಾದದ್ದು ಅದನ್ನು ಉಳಿಸಿಕೊಳ್ಳುವುದು. ಪ್ರತಿ ವರ್ಷ ವಾರ್ಷಿಕ ಮಹಾಸಭೆ ನಡೆಸಿ, 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ಮತ್ತು ಲೆಕ್ಕ ಪರಿಶೋಧಿತ ಜಮಾ-ಖರ್ಚನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಇದನ್ನೇ ಜನ ‘ನವೀಕರಣ’ ಎನ್ನುತ್ತಾರೆ. ಐದಾರು ವರ್ಷ ಸಲ್ಲಿಸದೆ ಬಿಟ್ಟು, ಅರ್ಜಿ ಕರೆದಾಗ ದಂಡ ಕಟ್ಟಿ ಓಡಾಡುವ ಸಂಘಗಳೇ ಹೆಚ್ಚು. ವರ್ಷಕ್ಕೆ ಮೂರೇ ಪ್ರದರ್ಶನವಾದರೂ ಲೆಕ್ಕದ ಪುಸ್ತಕ ಬರೆಯಿರಿ, ಜಾತ್ರೆಯ ಕಮಿಟಿಯವರು ಕೊಟ್ಟ ವೀಳ್ಯದ ಹಣವನ್ನೂ ಜಮಾ ಹಾಕಿ. ಠರಾವು ಬರೆಯುವಾಗ ದಿನಾಂಕ, ಹಾಜರಿದ್ದವರ ಸಹಿ ಎರಡೂ ಇರಲಿ. ನಾನು ಸದಸ್ಯನಾಗಿದ್ದ ಭಜನಾ ಮಂಡಳಿಯ ಅರ್ಜಿಯೊಂದು ಎಲ್ಲ ಸರಿಯಿದ್ದೂ ಠರಾವಿನ ಪ್ರತಿಯಲ್ಲಿ ದಿನಾಂಕವಿಲ್ಲ ಎಂಬ ಒಂದೇ ಕಾರಣಕ್ಕೆ ಎರಡು ತಿಂಗಳ ಮೇಲೆ ಹಿಂದಕ್ಕೆ ಬಂತು. ಸರಿಪಡಿಸಿ ಕೊಡುವಷ್ಟರಲ್ಲಿ ಮಾರ್ಚ್ 31 ದಾಟಿತ್ತು. ತಪ್ಪು ನಮ್ಮದೇ, ಲೆಕ್ಕಶಾಖೆಯವನಾಗಿಯೂ ನಾನು ಗಮನಿಸಿರಲಿಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಂಘ-ಸಂಸ್ಥೆಗಳ ಧನಸಹಾಯಕ್ಕೆ ಸಾಮಾನ್ಯವಾಗಿ ನೋಂದಣಿಯ ನಂತರದ ಕೆಲವು ವರ್ಷಗಳ ಚಟುವಟಿಕೆಯ ದಾಖಲೆಯನ್ನೂ ಕೇಳುತ್ತಾರೆ. ಹಾಗಾಗಿ ಈಗ ನೋಂದಾಯಿಸಿದರೆ ಫಲ ತಡವಾಗಿ ಸಿಗುತ್ತದೆ, ಆದ್ದರಿಂದಲೇ ಈಗಲೇ ಮಾಡಿ. ಅಲ್ಲಿಯವರೆಗೆ ಜಿಲ್ಲಾ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಪ್ರಾಯೋಜನೆಯ ಕಾರ್ಯಕ್ರಮಗಳ ಬಗ್ಗೆ ವಿಚಾರಿಸಿ, ಚಾಲುಕ್ಯ ಉತ್ಸವ, ರನ್ನ ಉತ್ಸವಗಳಂಥ ಸಂದರ್ಭಗಳಿಗೆ ಮೇಳದ ಹೆಸರು ಮೊದಲೇ ಕೊಟ್ಟಿಡಿ. ಕರ್ನಾಟಕ ಬಯಲಾಟ ಅಕಾಡೆಮಿಯ ಕಚೇರಿ ನಿಮ್ಮ ಜಿಲ್ಲಾ ಕೇಂದ್ರದಲ್ಲಿಯೇ ಇದೆ, ಪಾರಿಜಾತದವರು ಬೆಂಗಳೂರಿನ ಬಸ್ಸು ಹತ್ತುವ ಮೊದಲು ಅಲ್ಲಿ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಪ್ರಶ್ನೆ: ನಾನು ಚಿತ್ರಕಲಾ ಶಿಕ್ಷಕ. ಸ್ಥಳೀಯ ಸಂಸ್ಥೆಯ ಸಿಬ್ಬಂದಿಯೊಬ್ಬರು ಬಾಯಿಮಾತಿನಲ್ಲಿ ಹೇಳಿದ್ದರಿಂದ ನಾನೂ ನನ್ನ ವಿದ್ಯಾರ್ಥಿಗಳೂ ಎರಡು ಕಾಂಪೌಂಡ್ ಗೋಡೆಗಳ ಮೇಲೆ ಸ್ವಚ್ಛತೆಯ ಚಿತ್ರಗಳನ್ನು ಬರೆದೆವು. ಎಂಟು ತಿಂಗಳಾದರೂ ಹಣ ಬಂದಿಲ್ಲ. ಇದನ್ನು ಕಲಾ ಸಹಾಯಧನವೆಂದು ಕೇಳಬಹುದೇ? (ವಿಜಯಪುರ ಜಿಲ್ಲೆಯಿಂದ)

ಉತ್ತರ: ಕೇಳಬೇಡಿ, ಕೇಳಿದರೆ ನಿಮ್ಮ ಪ್ರಕರಣವೇ ದುರ್ಬಲವಾಗುತ್ತದೆ. ಗೋಡೆಗೆ ಚಿತ್ರ ಬರೆಸುವುದು ಸಹಾಯಧನವಲ್ಲ, ಸೇವೆಯ ಖರೀದಿ. ಅದಕ್ಕೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ. ಮೊತ್ತಕ್ಕೆ ತಕ್ಕಂತೆ ದರಪಟ್ಟಿ ಅಥವಾ ಟೆಂಡರ್ ಕರೆದು, ಕಾರ್ಯಾದೇಶ ಕೊಟ್ಟು, ಕೆಲಸವಾದ ಮೇಲೆ ಎಂಜಿನಿಯರರು ಅಳತೆ ಪುಸ್ತಕದಲ್ಲಿ ಬರೆದರೆ ಬಿಲ್ಲು ಆಗುತ್ತದೆ. ಹೌದು, ನೀವು ಬಿಡಿಸಿದ ಗೋಳಗುಮ್ಮಟವನ್ನು ಎಂಜಿನಿಯರರು ಟೇಪು ಹಿಡಿದು ಚದರ ಅಡಿಯಲ್ಲಿಯೇ ಅಳೆಯುತ್ತಾರೆ, ಮುಖವಿರುವ ಅಡಿಗೂ ಬರಿಯ ಆಕಾಶವಿರುವ ಅಡಿಗೂ ಒಂದೇ ದರ. ಇದು ಕಲಾವಿದನಿಗೆ ರುಚಿಸದ ಮಾತಾದರೂ ಹಣ ಬರುವ ದಾರಿ ಅದೇ.

ಈಗ ಮಾಡಬಹುದಾದದ್ದು ಇಷ್ಟು. ಚಿತ್ರ ಬರೆಯುವಾಗಿನ ಮತ್ತು ಮುಗಿದ ನಂತರದ ದಿನಾಂಕ ಸಹಿತ ಫೋಟೋಗಳು, ಬಣ್ಣ ಖರೀದಿಯ ರಸೀದಿಗಳು, ಮೊಬೈಲಿನಲ್ಲಿ ಬಂದಿರಬಹುದಾದ ಸಂದೇಶಗಳು, ಇವುಗಳನ್ನು ಲಗತ್ತಿಸಿ, ಕೆಲಸಕ್ಕೆ ಘಟನೋತ್ತರ ಅನುಮೋದನೆ (ಕೆಲಸ ಮುಗಿದ ಮೇಲೆ ಕೊಡುವ ಒಪ್ಪಿಗೆ) ನೀಡಿ ಹಣ ಪಾವತಿಸಬೇಕೆಂದು ಸ್ಥಳೀಯ ಸಂಸ್ಥೆಯ ಮುಖ್ಯಸ್ಥರಿಗೆ ಬರೆಯಿರಿ. ಅದು ಸಿಕ್ಕೇ ಸಿಗುತ್ತದೆ ಎನ್ನಲಾರೆ. ಚಿತ್ರಗಳ ಮೇಲೆ ಹೊಸ ಸುಣ್ಣ ಬೀಳುವ ಮೊದಲು ಅಳತೆಯನ್ನಾದರೂ ದಾಖಲಿಸಿಕೊಳ್ಳಲು ಒತ್ತಾಯಿಸಿ. ಮುಂದೆ ಕಾರ್ಯಾದೇಶ ಕೈಗೆ ಬರುವವರೆಗೆ ಕುಂಚ ಅದ್ದಬೇಡಿ.

ಜಿಎಸ್‌ಟಿ ಸಂಖ್ಯೆ ಕೇಳುತ್ತಾರೆ ಎಂದೂ ಬರೆದಿದ್ದೀರಿ. ಸೇವೆ ನೀಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಾಗಿಲ್ಲ, ಹಾಗೆಂದು ಸ್ವಯಂ ಘೋಷಣೆ ಕೊಡಿ. ವೇದಿಕೆಯ ಕಲಾವಿದರಿಗೂ ಒಂದು ಮಾತು: ಜನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ನಾಟಕ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ 1.5 ಲಕ್ಷ ರೂಪಾಯಿವರೆಗೆ ಜಿಎಸ್‌ಟಿಯಿಂದ ವಿನಾಯಿತಿ ಪಡೆದಿದೆ.

ಪ್ರಶ್ನೆ: ನಮ್ಮದು ಪರಿಶಿಷ್ಟ ಜಾತಿಯ ಯುವಕರ ಹಲಗೆ ವಾದನ ತಂಡ. ಹೋಳಿಯ ಹೊತ್ತಿಗೆ ಹೊಸ ಹಲಗೆ, ಶಹನಾಯಿ ಕೊಳ್ಳಬೇಕು. ಪುರಸಭೆಯಲ್ಲಿ ಕೇಳಬಹುದೇ? ತಂಡದ ಹಿರಿಯರಿಗೆ ಮಾಸಾಶನವನ್ನೂ ಅಲ್ಲಿಯೇ ಕೇಳಬೇಕೇ? (ಬಾಗಲಕೋಟೆ ಜಿಲ್ಲೆಯಿಂದ)

ಉತ್ತರ: ವಾದ್ಯಗಳಿಗೆ ಕೇಳಬಹುದು. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣಕ್ಕೆಂದು ಶೇ. 24.10ರಷ್ಟು ಹಣ ಮೀಸಲಿಟ್ಟು ಪ್ರತಿ ವರ್ಷ ಕ್ರಿಯಾಯೋಜನೆ ಮಾಡುತ್ತವೆ. ಆ ಯೋಜನೆಯಲ್ಲಿ ವಾದ್ಯ ಪರಿಕರಗಳ ಖರೀದಿಯನ್ನು ಸೇರಿಸಬೇಕೆಂದು ಅದು ಅನುಮೋದನೆಗೆ ಹೋಗುವ ಮೊದಲು, ಜಾತಿ ಪ್ರಮಾಣಪತ್ರ ಮತ್ತು ತಂಡದ ಫೋಟೋಗಳೊಡನೆ ಬರೆದುಕೊಡಿ. ಹೋಳಿಗೆ ಹದಿನೈದು ದಿನ ಇರುವಾಗ ಹೋದರೆ ಪ್ರಯೋಜನವಿಲ್ಲ. ಮಾಸಾಶನ ಪುರಸಭೆಯ ವಿಷಯವಲ್ಲ. 58 ವರ್ಷ ದಾಟಿದ, ಆರ್ಥಿಕವಾಗಿ ಹಿಂದುಳಿದ ಕಲಾವಿದರಿಗೆ ಅದನ್ನು ಕೊಡುವುದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಅರ್ಜಿ ಸೇವಾಸಿಂಧು ಜಾಲತಾಣದ ಮೂಲಕ.

ಪ್ರಶ್ನೆ: ನಮ್ಮ ಅವ್ವ ಚೌಡಕಿ ಪದ ಹಾಡುತ್ತಾಳೆ. ಉತ್ಸವವೊಂದರಲ್ಲಿ ಹಾಡಿದ್ದಕ್ಕೆ ಸಂಭಾವನೆ ಮಂಜೂರಾಗಿದೆ ಎಂದರು, ಖಾತೆಗೆ ಬಂದಿಲ್ಲ. ನಡುವೆ ಒಬ್ಬರು, ಮೂರರಲ್ಲೊಂದು ಪಾಲು ಕೊಟ್ಟರೆ ಬೇಗ ಮಾಡಿಸುತ್ತೇನೆ ಎನ್ನುತ್ತಿದ್ದಾರೆ. ಏನು ಮಾಡಲಿ? (ಬೆಳಗಾವಿ ಜಿಲ್ಲೆಯಿಂದ ಕಲಾವಿದೆಯ ಮಗಳು)

ಉತ್ತರ: ಪಾಲು ಕೊಡಬೇಡಿ. ಮಂಜೂರಾದ ಹಣ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವುದರಿಂದ ನಡುವಿನವರು ‘ಮಾಡಿಸುವುದು’ ಬಹುತೇಕ ಏನೂ ಇರುವುದಿಲ್ಲ. ಕೆಲವೊಮ್ಮೆ ಹೇಗೂ ಬರಲಿರುವ ಹಣಕ್ಕೇ ಪಾಲು ಕೇಳುತ್ತಾರೆ. ಕೇಳುತ್ತಿರುವವರು ಕಚೇರಿಯ ನೌಕರರಾಗಿದ್ದರೆ ಜಿಲ್ಲೆಯಲ್ಲಿರುವ ಲೋಕಾಯುಕ್ತ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಅದಕ್ಕೆ ಮೊದಲು ಕಡತ ಎಲ್ಲಿದೆ ಎಂಬುದನ್ನು ತಿಳಿದುಕೊಳ್ಳಲು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಅವಧಿ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಆದ್ದರಿಂದ ಅವ್ವನ ಕಷ್ಟದ ಕಥೆಯನ್ನು ಅಲ್ಲಿ ಬರೆಯಬೇಡಿ. “ಇಂಥ ದಿನಾಂಕದ ಕಾರ್ಯಕ್ರಮದ ಕಲಾವಿದರ ಸಂಭಾವನೆಯ ಮಂಜೂರಾತಿ ಆದೇಶ, ಪಾವತಿಯಾದವರ ಪಟ್ಟಿ ಮತ್ತು ಪಾವತಿ ವಿಫಲವಾದ ಪ್ರಕರಣಗಳ ಕಾರಣ, ಇವುಗಳ ದೃಢೀಕೃತ ಪ್ರತಿ ಕೊಡಿ” ಎಂದಷ್ಟು ಸಾಕು.

ಪಾವತಿ ವಿಫಲ ಎಂದು ಬೇಕೆಂದೇ ಬರೆದಿದ್ದೇನೆ, ನನ್ನ ಅನುಮಾನ ಅಲ್ಲಿಯೇ ಇದೆ. ನೀವು ಕಳುಹಿಸಿದ ಎರಡು ನಕಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಆಧಾರ್ ಚೀಟಿಯಲ್ಲಿ ‘ಯಲ್ಲವ್ವ’ ಎಂದಿದೆ, ಪಾಸ್‌ಬುಕ್ಕಿನಲ್ಲಿ ‘ಯಲ್ಲಮ್ಮ’ ಎಂದಿದೆ, ಅಡ್ಡಹೆಸರು ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ ಇದೆ. ಊರಿಗೆಲ್ಲ ಅವರು ಒಬ್ಬರೇ, ಗಣಕಯಂತ್ರಕ್ಕೆ ಇಬ್ಬರು. ನಾಳೆಯೇ ಅವ್ವನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಖಾತೆಯ ಹೆಸರನ್ನು ಆಧಾರ್‌ನಲ್ಲಿರುವಂತೆ ತಿದ್ದಿಸಿ, ಆಧಾರ್ ಜೋಡಣೆಯಾಗಿದೆಯೇ ಎಂದು ಕೇಳಿ, ತಿದ್ದಿದ ಪಾಸ್‌ಬುಕ್ಕಿನ ಮೊದಲ ಪುಟದ ನಕಲನ್ನು ಕಚೇರಿಯ ಟಪಾಲು ಶಾಖೆಯಲ್ಲಿ ಕೊಟ್ಟು ಆವಕ ಸಂಖ್ಯೆ ಬರೆಸಿಕೊಂಡು ಬನ್ನಿ.